ಏಸಿ ರೂಮಿನ ಕುರ್ಚಿ, ಮಧ್ಯೆ ನಮ್ಮ ಬೋಲ್ಟು

ನಮ್ಮ ಡಿಸೈನ್ ಸೆಕ್ಷನ್‌ನಲ್ಲಿ ಒಂದು ವಾರ ಏನೂ ಆಗ್ದೆ ಸುಮ್ನೆ ಕಳೀತು ಅಂದ್ರೆ, ಆ ವಾರ ಫ್ಯಾಕ್ಟರಿಗೇ ರಜ ಇತ್ತು ಅಂತ ಅರ್ಥ! ಇಲ್ದಿದ್ರೆ ಏನಾದ್ರೂ ಒಂದು ಆಗೇ ಆಗತ್ತೆ, ಅದೂ ನನಗೇ ಆಗತ್ತೆ. ಹೇಳ್ತೀನಿ ಇರಿ. ಆದ್ರೆ ನಮ್ಮ ಕೆಲಸ ಏನು ಅಂತ ಮೊದ್ಲು ಹೇಳ್ಬಿಡ್ತೀನಿ, ಇಲ್ಲಾಂದ್ರೆ ನಗು ಬರಲ್ಲ.

ಗೊರಗುಂಟೆಪಾಳ್ಯದ ಹತ್ರ ನಮ್ಮ ಫ್ಯಾಕ್ಟರಿ. ತಗಡು ಒತ್ತೋ ದೊಡ್ಡ ದೊಡ್ಡ ಪ್ರೆಸ್ ಮೆಷಿನ್ ಮಾಡ್ತೀವಿ. ಮೆಷಿನ್ ಕಟ್ಟೋಕೆ ಮುಂಚೆ ಅದರ ಚಿತ್ರಾನ ಮೈಸೂರ್‌ಪಾಕ್ ಥರ ಸಣ್ಣ ಸಣ್ಣ ಹೋಳು ಮಾಡಿ, ಒಂದೊಂದು ಹೋಳಿನ ವಿವರಾನೂ ಕಂಪ್ಯೂಟರ್‌ಗೆ ಕೊಟ್ರೆ, ಎಲ್ಲಿ ಬಗ್ಗತ್ತೆ, ಎಲ್ಲಿ ಬಿರುಕು ಬಿಡತ್ತೆ ಅಂತ ಅದೇ ಹೇಳತ್ತೆ. ಫೈನೈಟ್ ಎಲಿಮೆಂಟ್ ಅಂತ ಅದರ ಹೆಸರು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದ್ರೆ ಮಧ್ಯೆ ಒಂದು ಬೋಲ್ಟ್ ಬಂತೋ, ಮುಗೀತು! ಎರಡು ಪ್ಲೇಟನ್ನ ಬೋಲ್ಟ್ ಹಾಕಿ ಬಿಗಿದಿದೀವಿ ಅಂತ ಆ ಯಂತ್ರಕ್ಕೆ ತಿಳಿಸೋದು ಹೇಗೆ? ಅದಕ್ಕೆ ಸ್ಪ್ಯಾನರ್ ಗೊತ್ತಿಲ್ಲ, ಬಿಗಿ ಗೊತ್ತಿಲ್ಲ, ಏನೂ ಗೊತ್ತಿಲ್ಲ.

ಈ ಬೋಲ್ಟ್ ಕೆಲಸಕ್ಕೆ ನಾವಿಬ್ರು. ನಾನು ಆರ್.ಟಿ. ನಗರದವನು. ಇನ್ನೊಬ್ಬ ಧಾರವಾಡದಿಂದ ಬಂದು ಯಶವಂತಪುರದಲ್ಲಿ ರೂಮ್ ಮಾಡ್ಕೊಂಡಿರೋನು. ನಮ್ಮ ಚೀಫು ಹುಬ್ಬಳ್ಳಿಯವರು. ನನ್ನ ಕಷ್ಟ ಅರ್ಥ ಆಯ್ತಲ್ಲ? ಅವರು "ಏನಪಾ" ಅನ್ನೋದು, ಇವನು "ಹೌದ್ರಿ ಸರ" ಅನ್ನೋದು, ಹುಟ್ಟಿದ ಊರಲ್ಲೇ ನಾನು ಹೊರಗಿನವನು!

ಅದರ ಮೇಲೆ ಒಂದು ಕುರ್ಚಿ ಬೇರೆ. ನಮ್ಮ ಫ್ಯಾಕ್ಟರೀಲಿ ಏಸಿ ಇರೋದು ಒಂದೇ ಒಂದು ರೂಮಿಗೆ, ಕಂಪ್ಯೂಟರ್ ರೂಮಿಗೆ. ನಾವು ಹೊರಗೆ ಫ್ಯಾನ್ ಕೆಳಗೆ ಬೆವರ್ತಾ ಕಾಗದದಲ್ಲಿ ಬರೆದು ಕಿಟಕೀಲಿ ಕೊಡೋದು, ಒಳಗಿನ ಆಪರೇಟರ್ ಕೃಪೆ ಆದಾಗ ಉತ್ತರ ಬರೋದು. ಈಗ ಒಳಗೇ ಪರದೆ ಮುಂದೆ ಕೂತು ಕೆಲಸ ಮಾಡೋಕೆ ಡಿಸೈನ್‌ನವರಿಗೆ ಒಂದು ಜಾಗ ಕೊಡ್ತಾರಂತೆ. ಗಾಲಿ ಇರೋ ಕುರ್ಚಿ! ಸುತ್ತೋ ಕುರ್ಚಿ! "ನಿಮ್ಮಿಬ್ಬರೊಳಗ ಒಬ್ಬಂವಗ" ಅಂತ ಚೀಫ್ ಹೇಳಿದ ದಿನದಿಂದ ನನಗೆ ಊಟ ಸೇರಲಿಲ್ಲ. ಅವನು ಮಾತ್ರ ಕ್ಯಾಂಟೀನಲ್ಲಿ ಎರಡನೇ ಸಲ ಅನ್ನ ಹಾಕಿಸ್ಕೋತಿದ್ದ. ಅದನ್ನ ನೋಡಿ ಇನ್ನೂ ಸೇರಲಿಲ್ಲ.

ಸಾಷ್ಟಾಂಗ

ಕಂಪ್ಯೂಟರ್ ರೂಮಿಗೆ ಹೋಗೋರು ಚಪ್ಪಲಿ ಬೂಟು ಹೊರಗೆ ಬಿಡ್ಬೇಕು. ಧೂಳು ಹೋದ್ರೆ ಯಂತ್ರಕ್ಕೆ ಆಗಲ್ವಂತೆ. ಒಂದಿನ ಇಬ್ರನ್ನೂ ಒಳಗೆ ಕರೆದ್ರು. ಧಾರವಾಡದವನು ಬೂಟು ಬಿಚ್ಚಿದ, ಒಳಗೆ ಹಾಲಿನಂಥ ಬಿಳೀ ಕಾಲ್ಚೀಲ! ನಾನು ಬಿಚ್ಚಿದೆ, ಹೆಬ್ಬೆರಳು ಹೊರಗೆ ಬಂದು ಎಲ್ಲರಿಗೂ ನಮಸ್ಕಾರ ಹೇಳ್ತು. ಚೀಫ್ ಅವನ ಕಾಲು ನೋಡಿ, ನನ್ನ ಕಾಲು ನೋಡಿ, ಮತ್ತೆ ಅವನ ಕಾಲೇ ನೋಡಿದ್ರು. ಬೈದಿದ್ರೇ ಚೆನ್ನಾಗಿತ್ತು.

ಸಂಜೆ ಯಶವಂತಪುರದಲ್ಲಿ ಇಳಿದು ಹೊಸ ಕಾಲ್ಚೀಲ ತಗೊಂಡೆ. ನೈಲಾನ್. ಫಳ ಫಳ ಹೊಳೆಯೋದು. ಅವನದಕ್ಕಿಂತ ಬಿಳುಪು! ಮಾರನೇ ದಿನ ಯಾರೋ ದೊಡ್ಡವರು ಕಂಪ್ಯೂಟರ್ ನೋಡೋಕೆ ಬಂದಿದ್ರು. ನಾನು ಎದೆ ಉಬ್ಬಿಸ್ಕೊಂಡು ಬಾಗಿಲು ದಾಟಿದೆ. ಒಳಗೆ ನುಣ್ಣನೆ ನೆಲ, ನನ್ನ ಕಾಲಲ್ಲಿ ನುಣ್ಣನೆ ನೈಲಾನ್. ಸರ್ರಂತ ಹೋದೆ ನೋಡಿ, ಯಾರೂ ಹಿಡಿಯೋಕಾಗಲಿಲ್ಲ! ದೊಡ್ಡದೊಂದು ಪೆಟ್ಟಿಗೆ ಮುಂದೆ ಉದ್ದಕ್ಕೆ ಬಿದ್ದೆ, ಎರಡೂ ಕೈ ಮುಂದೆ ಚಾಚ್ಕೊಂಡು.

ಬಂದಿದ್ದ ದೊಡ್ಡವರು ಗಂಭೀರವಾಗಿ ಕೇಳಿದ್ರು, "ದಿನಾ ಹೀಗೇ ಮಾಡ್ತಾರೇನ್ರೀ?"

ಚೀಫ್ ನನ್ನ ಕಿವಿ ಹತ್ರ ಬಗ್ಗಿ ಮೆಲ್ಲಗೆ ಅಂದ್ರು, "ತಮ್ಮಾ, ಭಕ್ತಿ ಇರಲಿ, ಬ್ಯಾಡನ್ನೂದಿಲ್ಲ. ಆದ್ರ ಇದು ಪ್ರಿಂಟರ್. ಕಂಪ್ಯೂಟರ್ ಆ ಕಡೆ ಅದ."

ಜಾಯಿಂಟ್ ಸ್ಪೆಷಲಿಸ್ಟು

ಒಂದು ಭಾನುವಾರ ಅವನನ್ನ ಮನೆಗೆ ಊಟಕ್ಕೆ ಕರೆದೆ. ಪ್ರೀತಿಯಿಂದ ಅಲ್ಲ, ಕುರ್ಚಿ ವಿಷಯ ಅವನಿಗೆ ಏನಾದ್ರೂ ಗೊತ್ತಾಗಿದ್ಯಾ ಅಂತ ಬಾಯಿ ಬಿಡಿಸೋಕೆ. ಅವನು ಒಂದು ತುತ್ತು ಬಾಯಿಗಿಟ್ಟು, "ಏನ್ರಿ ಅಮ್ಮಾರ, ಇಂಥಾ ಸಾರು ನಾ ಜನ್ಮದಾಗ ಉಂಡಿಲ್ರಿ" ಅಂದ. ಮುಗೀತು. ನಮ್ಮಮ್ಮ ನನ್ನ ತಟ್ಟೆ ಕಡೆ ಆಮೇಲೆ ತಿರುಗೂ ನೋಡಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆ ಆಂಟಿ ಕುಂಟ್ಕೊಂಡು ಬಂದ್ರು. "ಏನಪ್ಪಾ, ನೀನು ಆಫೀಸಲ್ಲಿ ಜಾಯಿಂಟ್ ಕೆಲಸಾನೇ ಮಾಡೋದಂತೆ? ನಿಮ್ಮಮ್ಮ ಹೇಳಿದ್ರು. ನನ್ನ ಮಂಡಿ ಸ್ವಲ್ಪ ನೋಡು."

"ಆಂಟಿ, ಅದು ಬೋಲ್ಟ್ ಜಾಯಿಂಟು."

"ಆಪರೇಷನ್ ಮಾಡಿ ಬೋಲ್ಟ್ ಹಾಕ್ತಾರೆ ಅಂತ ಡಾಕ್ಟ್ರೂ ಹೆದರಿಸಿದಾರೆ ಕಣೋ, ಅದಕ್ಕೇ ನಿನ್ನ ಹತ್ರ ಬಂದಿದ್ದು!"

ನಾನು ಬಿಡ್ತೀನಾ? ಧಾರವಾಡದವನ ಮುಂದೆ ಸಿಕ್ಕ ಅವಕಾಶ! ಭಾರ ಹೆಂಗೆ ಇಳಿಯತ್ತೆ, ಎರಡು ಮೈ ಹೆಂಗೆ ಉಜ್ಜತ್ತೆ, ಮಧ್ಯೆ ಸಂದು ಬಿಟ್ರೆ ಏನಾಗತ್ತೆ, ಎಲ್ಲಾ ಹೇಳಿದೆ. ಆಂಟಿ ಆಕಳಿಸಿದ್ರು. ಇವನು ಕೈ ತೊಳ್ಕೊಂಡು ಬಂದು, "ಎಳ್ಳೆಣ್ಣಿ ಬಿಸಿ ಮಾಡಿ ತಿಕ್ಕರಿ ಆಂಟಿ, ಆರಾಮ ಆಕ್ಕೈತಿ" ಅಂದ. ಅಷ್ಟೇ.

ಮುಂದಿನ ವಾರ ಆಂಟಿ ಮೆಟ್ಟಿಲು ಹತ್ತಿ ನಮ್ಮನೆಗೆ ಬಂದ್ರು, ಕೈಯಲ್ಲಿ ಒಂದು ಡಬ್ಬಿ ಚಕ್ಲಿ. "ಆ ಧಾರವಾಡದ ಡಾಕ್ಟ್ರಿಗೆ ಕೊಟ್ಬಿಡಪ್ಪ." ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು, ಮುರೀದ ಹಾಗೆ ಹೊತ್ಕೊಂಡು ಹೋಗಿ ಕೊಟ್ಟೆ. ಅವನು ಮುಚ್ಚಳ ತೆಗೆದು, ದೊಡ್ಡ ಮನಸ್ಸು ಮಾಡಿ ಅಂದ, "ತಗೋಳೋ ದೋಸ್ತಾ, ನೀನೂ ಒಂದು."

ನಮ್ಮ ಬೀದಿ ಚಕ್ಲಿ! ನನಗೆ ಒಂದು!

ಬೋಲ್ಟಿಗೆ ಚಳಿ

ಬಿಗಿ ಅನ್ನೋದನ್ನ ಕಂಪ್ಯೂಟರ್‌ಗೆ ಹೇಳೋದು ಹೇಗೆ ಅಂತ ಇಬ್ರೂ ತಲೆ ಕೆರ್ಕೋತಿದ್ವಿ. ಧಾರವಾಡದವನು ಹಂಚಿಕೆ ಹಾಕ್ದ: ಲೋಹ ತಣ್ಣಗಾದ್ರೆ ಕುಗ್ಗತ್ತೆ ತಾನೇ? ಬೋಲ್ಟ್ ಒಂದಕ್ಕೇ ಭಯಂಕರ ಚಳಿ ಆಗಿದೆ ಅಂತ ಕಂಪ್ಯೂಟರ್‌ಗೆ ಸುಳ್ಳು ಹೇಳೋದು. ಅದು ಪಾಪ ನಂಬಿ ಬೋಲ್ಟನ್ನ ಕುಗ್ಗಿಸತ್ತೆ, ಕುಗ್ಗಿದ ಬೋಲ್ಟು ಎರಡು ಪ್ಲೇಟನ್ನೂ ಅಮುಕಿ ಹಿಡಿಯತ್ತೆ. ಬಿಗಿ ಸಿಕ್ತು! ಚೀಫ್ ಅವನ ಬೆನ್ನು ತಟ್ಟಿದ ಸದ್ದು ನನ್ನ ಟೇಬಲ್ ತನಕ ಕೇಳಿಸ್ತು.

ಅವನು ಮಾಡಿದ್ರೆ ನಾನು ಮಾಡಬಾರ್ದಾ? ನಾನೂ ಬೋಲ್ಟಿಗೆ ಚಳಿ ಹಾಕ್ದೆ. ಅವನು ನೂರು ಡಿಗ್ರಿ ಇಳಿಸಿದ್ರೆ ನಾನು ಇನ್ನೂರು ಇಳಿಸಿದೆ! ಅದೇ ಹುರುಪಲ್ಲಿ ವರ್ಕ್‌ಶಾಪಿಗೆ ಹೋಗೋ ಡ್ರಾಯಿಂಗ್ ಮೂಲೇಲೂ ದಪ್ಪಕ್ಷರದಲ್ಲಿ ಬರೆದೆ, ಬೋಲ್ಟ್ ಮೈನಸ್ ಇನ್ನೂರು ಡಿಗ್ರಿ ಅಂತ. ಚೀಫ್ ಸಹಿ ಹಾಕುವಾಗ ಕಣ್ಣಿಗೆ ಬೀಳ್ಲಿ ಅಂತ. ಅವರು ನೋಡ್ದೆ ಸಹಿ ಹಾಕಿದ್ರು.

ಎರಡು ದಿನ ಬಿಟ್ಟು ಅಸೆಂಬ್ಲಿ ಮೇಸ್ತ್ರಿ ಸಾಬ್ರು ಸೀದಾ ಮೇಲಕ್ಕೆ ಬಂದ್ರು. ಮುಖ ಕೆಂಪಗೆ.

"ಕ್ಯಾ ಸಾಬ್, ಇಷ್ಟು ತಂಡಿ ಎಲ್ಲಿಂದ ತರೋದು? ಐಸ್ ಫ್ಯಾಕ್ಟರಿಗೆ ಆಳು ಕಳಿಸ್ದೆ. ಎಷ್ಟು ಮೀನು ಅಂತ ಕೇಳ್ತಾನೆ. ಮೀನಲ್ಲ, ಬೋಲ್ಟು ಅಂದ್ರೆ ಓಡಿಸ್ಬಿಟ್ಟ!"

ಇಡೀ ಸೆಕ್ಷನ್ ಪೆನ್ಸಿಲ್ ಕೆಳಗಿಟ್ಟು ನನ್ನ ಕಡೆ ತಿರುಗ್ತು.

ಚೀಫ್ ಗಾಬರಿಯಾಗಿ ಕೇಳಿದ್ರು, "ಮತ್ತ ಏನ್ ಮಾಡಿದ್ರಿ ಸಾಬ್ರ?"

"ಕಡೆಗೆ ಐಸ್ ಸಿಕ್ತು ಸಾಬ್. ಬೆಳಗ್ಗೆಯಿಂದ ಬೋಲ್ಟೆಲ್ಲಾ ಐಸ್ ಮೇಲೇ ಇಟ್ಟಿದೀನಿ. ಬಿಗಿ ಇನ್ನೂ ಆಗಿಲ್ಲ. ಒದ್ದೆ ಆಗಿದೆ."

ಅಡ್ಡಿ ಇಲ್ಲ

ಕಂಪ್ಯೂಟರ್‌ಗೆ ಇನ್ನೊಂದು ದಡ್ಡತನ ಇದೆ. ಒಂದರ ಮೇಲೊಂದು ಪ್ಲೇಟ್ ಇಟ್ಟು ಒತ್ತಿದ್ರೆ, ಮೇಲಿನದು ಕೆಳಗಿನದರೊಳಗೆ ದೆವ್ವ ಗೋಡೇಲಿ ತೂರೋ ಹಾಗೆ ತೂರ್ಕೊಂಡು ಹೋಗ್ಬಿಡತ್ತೆ! ಇಲ್ಲಿ ಅಡ್ಡಿ ಇದೆ, ದಾಟಬೇಡ ಅಂತ ನಾವೇ ಹೇಳ್ಬೇಕು. ಮರೆತ್ರೆ ಮರ್ಯಾದೆ ಹೋಯ್ತು.

ಒಂದಿನ ಚೀಫ್ ಅವನ ಚಿತ್ರ ಕೈಯಲ್ಲಿ ಹಿಡ್ಕೊಂಡು ನೋಡ್ತಿದ್ರು. ನಾನು ಬೀರು ಹಿಂದೆ ಏನೋ ಹುಡುಕೋನ ಥರ ನಿಂತಿದ್ದೆ. ಚೀಫ್ ತಲೆ ಆಡಿಸ್ತಾ ಅಂದ್ರು, "ಹ್ಞೂಂ. ಅಡ್ಡಿ ಇಲ್ಲ."

ಅಡ್ಡಿ ಇಲ್ಲ! ನನ್ನ ಕಿವಿಗೆ ಪನ್ನೀರು ಹುಯ್ದಂಗಾಯ್ತು. ಅಡ್ಡಿ ಹಾಕೋದೇ ಮರೆತಿದಾನೆ ಮಗ! ಓಡಿ ಹೋಗಿ ಸೆಕ್ಷನ್‌ಗೆಲ್ಲಾ ಸಾರಿದೆ, "ಗುರು, ಅವನ ಪ್ಲೇಟ್ ಒಂದರೊಳಗೊಂದು ತೂರ್ಕೊಂಡಿದ್ಯಂತೆ! ಚೀಫೇ ಕಂಡುಹಿಡಿದ್ರು! ಕುರ್ಚಿ ನಂದೇ! ಬನ್ರೋ ಕ್ಯಾಂಟೀನಿಗೆ, ಕಾಫಿ, ಜಾಮೂನು, ಎಲ್ಲಾ ನನ್ನ ಲೆಕ್ಕ!"

ಎಲ್ರೂ ಜಾಮೂನು ಬಾಯಿಗಿಡೋ ಹೊತ್ತಿಗೆ ಅವನೇ ಬಂದ. ಮುಖ ಅರಳಿತ್ತು. "ಏನ್ ವಿಶೇಷಪಾ?"

ನಾನು ಮುಖ ಸಣ್ಣ ಮಾಡ್ಕೊಂಡು, "ಬೇಜಾರ್ ಮಾಡ್ಕೋಬೇಡ ಮಗಾ. ನಿನ್ನ ಪ್ಲೇಟಿಗೆ ಅಡ್ಡಿ ಇಲ್ಲ ಅಂದ್ರಂತಲ್ಲ ಚೀಫು" ಅಂದೆ.

"ಹೌದೋ! ಅಡ್ಡಿ ಇಲ್ಲ ಅಂದ್ರ ನಮ್ಮ ಕಡೆ ಚಲೋ ಐತಿ ಅಂತ! ಆ ಮನಷ್ಯಾ ಅದಕ್ಕಿಂತ ಜಾಸ್ತಿ ಯಾರನ್ನೂ ಹೊಗಳೂದಿಲ್ಲ. ಅಷ್ಟಕ್ಕs ಜಾಮೂನ್ ಕೊಡಸಾಕತ್ತೀಯಲ್ಲೋ, ಎಂಥಾ ಗೆಳೆಯಾ ನೀನು!" ಅಂತ ತಬ್ಕೊಂಡೇ ಬಿಟ್ಟ. ತಬ್ಕೊಂಡು ಎರಡು ಜಾಮೂನು ತಿಂದ.

ಕಾಲು

ಕಡೇ ಪರೀಕ್ಷೆ ಬಂತು. ಹೊಸ ಪ್ರೆಸ್ಸು, ನಾಲ್ಕು ಕಾಲಿನ ಮೇಲೆ ನಿಲ್ಲೋ ದೊಡ್ಡ ಮೆಷಿನ್ನು. ಇಬ್ರೂ ಬೇರೆ ಬೇರೆ ಮಾಡ್ಬೇಕು, ಯಾರದು ಚೆನ್ನಾಗಿರತ್ತೋ ಅವರಿಗೆ ಕುರ್ಚಿ. ಚೀಫ್ ಸ್ಕೂಟರ್ ಕಿಕ್ ಹೊಡೀತಾ ಹೇಳಿದ್ರು, "ಪೂರಾ ಮಷೀನ್ ಬ್ಯಾಡ್ರೋ. ಕಾಲು ಮಾಡಿದ್ರ ಸಾಕು. ಬಾಕಿ ಮೂರೂ ಹಂಗs ಇರ್ತಾವು."

ನನಗೆ ಹಗಲೂ ರಾತ್ರಿ ಅದೇ ಧ್ಯಾನ. ಏನ್ ಹೋಳು, ಏನ್ ಹೋಳು! ನೆಲದ ಬೋಲ್ಟು ಕೂರೋ ಜಾಗದಲ್ಲಂತೂ ಸಾಸಿವೆ ಕಾಳಷ್ಟು ಸಣ್ಣ ಹೋಳು. ಬೋಲ್ಟಿಗೆ ಬಿಗಿ, ಪ್ಲೇಟಿಗೆ ಅಡ್ಡಿ, ಒಂದೂ ಮರೀಲಿಲ್ಲ. ಮಧ್ಯೆ ಒಂದ್ಸಲ ಅವನ ಟೇಬಲ್ ಕಡೆ ಕತ್ತು ಉದ್ದ ಮಾಡಿ ನೋಡಿದೆ. ಅವನು ಮೇಲಿನ ತೊಲೆ, ಪಕ್ಕದ ಕಂಬ ಏನೇನೋ ಬರೀತಿದ್ದ. ಅಯ್ಯೋ ಪಾಪ, ಚೀಫ್ ಹೇಳಿದ್ದು ಸ್ಕೂಟರ್ ಸದ್ದಲ್ಲಿ ಇವನಿಗೆ ಕೇಳಿಸೇ ಇಲ್ಲ ಅಂದ್ಕೊಂಡೆ. ನಾನು ಹೇಳೋಕೂ ಹೋಗಲಿಲ್ಲ.

ಚಿತ್ರ ತೋರಿಸೋ ದಿನ ಮ್ಯಾನೇಜರ್‌ಗಳೆಲ್ಲಾ ಸೇರಿದ್ರು. ಮೊದ್ಲು ಅವನ ಚಿತ್ರ ಬಿಚ್ಚಿದ್ರು. ಮೆಷಿನ್ನನ್ನ ನಡುವೆ ಉದ್ದಕ್ಕೆ ಸೀಳಿ, ಮತ್ತೆ ಅಡ್ಡಕ್ಕೆ ಸೀಳಿ, ನಾಲ್ಕರಲ್ಲಿ ಒಂದು ಭಾಗ. ಆಮೇಲೆ ನನ್ನದು ಬಿಚ್ಚಿದ್ರು. ಚೀಫ್ ಕನ್ನಡಕ ತೆಗೆದ್ರು, ಒರೆಸಿದ್ರು, ಮತ್ತೆ ಹಾಕ್ಕೊಂಡ್ರು.

"ಇದೇನೋ?"

"ಕಾಲು ಸಾರ್."

"ಕಾಲು ಅಂತ ನಾನೂ ಹೇಳೇನಿ. ಇದು ಯಾವ ಕಾಲು?"

"ಹಿಂದಿನ ಎಡಗಾಲು ಸಾರ್!"

ಜನರಲ್ ಮ್ಯಾನೇಜರ್ ಟೇಬಲ್ ಮೇಲೆ ತಲೆ ಇಟ್ಕೊಂಡು ನಗೋಕೆ ಶುರು ಮಾಡಿದ್ರು. ಯಾರಿಗೋ ನೀರು ನೆತ್ತಿಗೇರ್ತು. ಮೆಷಿನ್ನು ನಾಲ್ಕೂ ಕಡೆ ಒಂದೇ ಥರ ಇರೋದ್ರಿಂದ ಕಾಲು ಭಾಗ ಮಾಡಿದ್ರೆ ಸಾಕು ಅಂತ ಅವರು ಹೇಳಿದ್ದು. ಯಂತ್ರದ ಕಾಲು ಮಾಡ್ಕೊಂಡು ಬಂದು ನಿಂತಿದೀನಿ ನಾನು!

ಚೀಫ್ ಕಣ್ಣೊರೆಸ್ಕೊಂಡು ತೀರ್ಪು ಕೊಟ್ರು. "ಕುರ್ಚಿ ಅವನದು. ಆದ್ರ ಆ ಬೋಲ್ಟ್ ಮಾತ್ರ ನೀ ಛಂದ ಮಾಡೀಯಪಾ. ಹಂಗಾಗಿ ಅವಗ ಮುಕ್ಕಾಲು, ನಿನಗ ಕಾಲು."

ಕೈ ಕಟ್ಕೊಂಡು ಕೇಳಿದೆ, "ಸಾರ್, ಯಾವ ಕಾಲು?"

"ದಿನದ ಕಾಲು ಭಾಗಾನೋ ಮಾರಾಯಾ!"

ಅಂದ್ರೆ ದಿನಾ ಬೆಳಗ್ಗೆ ಮೊದಲ ಎರಡು ಗಂಟೆ ಕುರ್ಚಿ ನಂದು. ಕಾಲಾದ್ರೇನು, ಏಸಿ ಏಸೀನೇ! ಅಂತ ಕುಣ್ಕೊಂಡು ಹೋದೆ. ಶುರುವಾಗಿದ್ದು ಧನುರ್ಮಾಸದಲ್ಲಿ. ಬೆಳಗಿನ ಚಳಿ ಗಾಳಿಗೆ ನಡುಗ್ತಾ ಬಸ್ಸಿಳಿದು, ಬೂಟು ಹೊರಗೆ ಬಿಟ್ಟು, ಆ ಐಸ್ ಪೆಟ್ಟಿಗೆ ಒಳಗೆ ಹೋಗಿ ಕೂತ್ಕೋಬೇಕು. ಯಂತ್ರಕ್ಕೆ ಒಳ್ಳೇದು ಅಂತ ಏಸಿ ಆರಿಸೋ ಹಾಗಿಲ್ಲ. ಹಲ್ಲು ಕಟಕಟ ಅಂತಿತ್ತು, ಬೆರಳು ಮರಗಟ್ಟಿ ಒಂದು ಕೀಲಿ ಒತ್ತಿದ್ರೆ ಎರಡು ಬೀಳ್ತಿತ್ತು. ಗಾಜಿನಾಚೆ ನೋಡ್ತೀನಿ, ಧಾರವಾಡದವನು ಎಳೆ ಬಿಸಿಲಲ್ಲಿ ಗೋಡೆಗೆ ಒರಗಿ ಬಿಸಿ ಬಿಸಿ ಟೀ ಹೀರ್ತಾ ನನ್ನ ಕಡೆ ಕೈ ಬೀಸ್ತಿದಾನೆ. ಅವನ ಪಾಳಿ ಬಿಸಿಲೇರಿದ ಮೇಲೆ ತಾನೇ!

ಆ ರೂಮಲ್ಲಿ ನಡುಗ್ದೆ ಕೂರೋಕೆ ನನಗೆ ಇದ್ದಿದ್ದು ಒಂದೇ ದಾರಿ. ಅವನ ಟೀ ನೋಡ್ತಾ ಕೂತೆ. ಹೊಟ್ಟೆ ಎಂಥಾ ಉರೀತು ಅಂದ್ರೆ, ಹತ್ತು ನಿಮಿಷದಲ್ಲಿ ಸ್ವೆಟರ್ ಬಿಚ್ಚಿದೆ.