ಮರಳುಗಾಡು ಬರೆಯುವ ಸೊಸೆ

ಕುಂಚ ಹಿಡಿದವರಿಗೆ ಪಜೀತಿಗಳು ಆಗುತ್ತಲೇ ಇರುತ್ತವೆ. ಜೊತೆಗೆ ಮೈಸೂರಿನ ಅತ್ತೆಯೂ ಇದ್ದರೆ ತುಸು ಜಾಸ್ತಿಯೇ ಆಗುತ್ತವೆ. ನಾನಿರುವುದು ಸ್ಯಾನ್ ಹೊಸೆಯಲ್ಲಿ, ಬರೆಯುವುದು ಅರಿಜೋನಾದ ಮರಳುಗಾಡು. ಬರ್ಕ್ಲಿಯ ಒಂದು ಗ್ಯಾಲರಿಯಲ್ಲಿ ಪ್ರತಿವರ್ಷ ಮರುಭೂಮಿ ಚಿತ್ರಗಳ ಸ್ಪರ್ಧೆ. ನನ್ನ ಚಿತ್ರ ಪ್ರತಿವರ್ಷವೂ ಹೋದ ಹಾಗೇ ವಾಪಸ್ಸು ಬರುತ್ತಿತ್ತು. ಒಮ್ಮೆಯಾದರೂ ಅಲ್ಲಿ ಗೆಲ್ಲಲೇಬೇಕೆಂಬ ಹಟ ನನಗೆ.

ಬಿಸಿಲು

ಅರಿಜೋನಾದ ರಸ್ತೆ ಬದಿಯಲ್ಲಿ ಕೊಡೆ ಹಾಕಿಕೊಂಡು ಚಿತ್ರ ಬರೆಯುತ್ತಿದ್ದೆ. ಹಿಂದಿನ ದಿನವೇ "ಇಂಥಾ ಬಿಸಿಲನ್ನ ಯಾರಾದ್ರೂ ದಂಡ ಮಾಡ್ತಾರೇನೇ?" ಎಂದಿದ್ದ ಅತ್ತೆ, ಮೋಟೆಲಿನಲ್ಲಿ ಸಂಡಿಗೆ ಹಿಟ್ಟು ಬೇಯಿಸಿಕೊಂಡೇ ಬಂದಿದ್ದರು. ನನ್ನ ಪಕ್ಕ ಹಳೇ ಸೀರೆ ಹಾಸಿ ಸಾಲುಸಾಲಾಗಿ ಇಟ್ಟರು.

ಪೊಲೀಸ್ ಕಾರು ಬಂದು ನಿಂತಿತು. ಇಳಿದವನು ನನ್ನ ಚಿತ್ರ ನೋಡಿ "ಹೂಂ" ಅಂದ. ಆಮೇಲೆ ಸೀರೆಯ ಮುಂದೆ ಮಂಡಿಯೂರಿ ಕೂತು ಕೇಳಿದ: "ಅದ್ಭುತ! ಈ ಕಲಾವಿದೆ ಯಾರು?"

ಖಾಲಿ ಜಾಗ

ಆ ಚಿತ್ರವನ್ನು ನಮ್ಮನೆಯ ಹಾಲ್‌ನಲ್ಲಿ ತೂಗುಹಾಕಿದ್ದೆ. ವರ್ಷಗಳಿಂದ ಕೊಳ್ಳಲು ಮನೆ ಹುಡುಕುತ್ತಿದ್ದ ಮೌಂಟನ್ ವ್ಯೂನ ಇಂಜಿನಿಯರೊಬ್ಬರು ಊಟಕ್ಕೆ ಬಂದವರು, ತಟ್ಟೆ ಹಿಡಿದುಕೊಂಡು ಅದರ ಮುಂದೆಯೇ ನಿಂತುಬಿಟ್ಟರು. ಕಣ್ಣಲ್ಲಿ ನೀರು! ನನಗೋ ಹಿಗ್ಗೋ ಹಿಗ್ಗು.

"ಏನನ್ನಿಸ್ತು ಸಾರ್?"

"ಎಷ್ಟೊಂದು ಖಾಲಿ ಜಾಗ ಮೇಡಂ! ಅಲ್ಲಿ ಸ್ಕೂಲುಗಳು ಹೇಗಿವೆ?"

ಚುಕ್ಕೆ

ಈ ವರ್ಷ ಅದನ್ನೇ ಸ್ಪರ್ಧೆಗೆ ಕಳಿಸಿದೆ. ಕೊನೆಗೂ ಪ್ರದರ್ಶನಕ್ಕೆ ಆಯ್ಕೆಯಾಯಿತು. ಬಹುಮಾನ ಘೋಷಿಸುವ ಸಂಜೆ ಗ್ಯಾಲರಿಗೆ ಹೋಗಿ ನೋಡುತ್ತೇನೆ, ಹೊಂಬಣ್ಣದ ಮರಳಿನ ಒಂದು ಮೂಲೆಯಲ್ಲಿ ಕಪ್ಪು ಚುಕ್ಕೆ! ಜೊತೆಗೆ ಬಂದಿದ್ದ ಅತ್ತೆಯ ಕಡೆ ತಿರುಗಿದೆ.

"ಅತ್ತೆ, ಇದೇನು?"

"ಕಳಿಸೋ ಮುಂಚೆ ನಾನೇ ಕಾಡಿಗೆ ಇಟ್ಟೆ ಕಣೇ. ಇಷ್ಟು ಚೆನ್ನಾಗಿ ಬರ್ದಿದೀಯ, ದೃಷ್ಟಿ ಆಗಲ್ವಾ?"

ಒರೆಸೋಣವೆಂದರೆ ತೀರ್ಪುಗಾರರು ಆಗಲೇ ಮೈಕು ಹಿಡಿದಿದ್ದರು. ನನ್ನ ಚಿತ್ರದ ಕಡೆಗೇ ಕೈ ತೋರಿಸಿದರು. "ಅಷ್ಟು ದೊಡ್ಡ ಮರುಭೂಮಿಯಲ್ಲಿ ದೂರದಲ್ಲೆಲ್ಲೋ ಒಂದೇ ಒಂದು ಒಂಟಿ ಜೀವ! ಎಂಥ ಧೈರ್ಯ! ಮೊದಲ ಬಹುಮಾನ ಇದಕ್ಕೇ!"

ಚಪ್ಪಾಳೆಯೋ ಚಪ್ಪಾಳೆ. ಸಂತೋಷಕ್ಕೆ ನನಗೆ ಅಳುವೇ ಬಂದುಬಿಟ್ಟಿತು. ಅತ್ತೆ ಮಾತ್ರ, "ಈಗ ನಿನಗೇ ದೃಷ್ಟಿ ಆಗತ್ತೆ, ಬಾ ಇಲ್ಲಿ" ಎಂದು ಕಾಡಿಗೆ ಡಬ್ಬಿ ತೆಗೆದು ಎಲ್ಲರೆದುರೇ ನನ್ನ ಕೆನ್ನೆಗೂ ಒಂದು ಬೊಟ್ಟು ಒತ್ತಿದರು.

ಫೋಟೋ ತೆಗೆಯಲು ಬಂದವನು ಚಿತ್ರದ ಚುಕ್ಕೆ ನೋಡಿದ, ನನ್ನ ಕೆನ್ನೆ ನೋಡಿದ.

"ಓಹೋ, ಇದು ನಿಮ್ಮ ಸಹಿಯೇ?"

"ಅಲ್ಲ," ಎಂದೆ, "ನಮ್ಮತ್ತೆಯದು."