ಸಾಹೇಬರ ಆಮೆ, ನನ್ನ ಬಿ.ಎ.

ಡಿಗ್ರಿ ಬಂದ ಮೇಲೆ ಮನುಷ್ಯನಿಗೆ ಎಷ್ಟೋ ಹೊಸ ಮಾತುಗಳು ಬರುತ್ತವೆ, ಒಂದು ಹಳೆಯ ಮಾತು ಮಾತ್ರ ಹೋಗಿಬಿಡುತ್ತದೆ. ಅದು ‘ನನಗೆ ಗೊತ್ತಿಲ್ಲ’ ಎಂಬ ಮಾತು. ಹೈದರಾಬಾದಿಗೆ ಓದಲು ಹೋಗುವ ಮುಂಚೆ ನಾನು ಅದನ್ನು ದಿನಕ್ಕೆ ಹತ್ತು ಸಲ ಧಾರಾಳವಾಗಿ ಆಡುತ್ತಿದ್ದೆ. ಬಿ.ಎ. ಪಾಸಾಗಿ ಬಂದ ದಿನದಿಂದ ಅದು ಗಂಟಲು ದಾಟಿ ಮೇಲೆ ಬರಲೊಲ್ಲದು. ಊರವರೂ ಬರಗೊಡಲಿಲ್ಲ. ಎತ್ತಿನ ಹೊಟ್ಟೆ ಉಬ್ಬಿದರೂ, ಮಳೆ ತಡವಾದರೂ, ಯಾರದೋ ಸೊಸೆ ತವರಿಗೆ ಹೋದವಳು ಮರಳದಿದ್ದರೂ “ಅಂವ ಬಿ.ಎ. ಆಗ್ಯಾನ, ಅವನ್ನ ಕೇಳ್ರಿ” ಎಂದು ನನ್ನ ಕಡೆ ಕಳಿಸುತ್ತಿದ್ದರು. ನಾನೂ ಹೇಳುತ್ತಿದ್ದೆ. ಎತ್ತು ತಾನೇ ವಾಸಿಯಾಯಿತು, ಮಳೆ ತಾನೇ ಬಂತು. ಸೊಸೆಯ ವಿಷಯ ಇಲ್ಲಿ ಬೇಡ.

ಇಷ್ಟಕ್ಕೂ ಆ ಡಿಗ್ರಿ ನನಗೆ ಪುಕ್ಕಟೆ ಸಿಕ್ಕದ್ದಲ್ಲ. ಸಂತೆಕಲ್ಲೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮದು ಬಾವಿ ತೋಡುವ ಮನೆತನ. ಅಜ್ಜನ ಕಾಲದಿಂದ ನಾವು ಭೂಮಿಯನ್ನು ಕೆಳಮುಖವಾಗಿ ನೋಡಿದವರೇ ಹೊರತು ಕಾಗದವನ್ನು ನೋಡಿದವರಲ್ಲ. ಅಪ್ಪ ಸಿಂಧನೂರಿನಲ್ಲಿ ಒಬ್ಬ ಸಾಹುಕಾರರ ಬಾವಿ ತೋಡಿಕೊಟ್ಟು, ಅವರು ಕೂಲಿ ಕೊಡಲು ಬಂದಾಗ, “ಅದು ಇರಲಿ ಬಿಡ್ರಿ. ನನ್ನ ಮಗ ನಿಮ್ಮ ಪಡಸಾಲ್ಯಾಗ ಮಕ್ಕೊಂಡು ಸಾಲಿ ಕಲೀಲಿ” ಎಂದು ಕೈಮುಗಿದಿದ್ದ. ಆ ಪಡಸಾಲೆಯಿಂದ ಶುರುವಾದ ಓದು ಹೈದರಾಬಾದಿನಲ್ಲಿ ಮುಗಿಯಿತು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಲಿಂಗಸುಗೂರಿನ ನನ್ನ ಬಾಡಿಗೆ ಮನೆಯ ಬಾಗಿಲಿನ ಮೇಲೆ ತೂಗುಹಾಕಿದ್ದೆ. ಒಳಗೆ ಬರುವವರು ತಲೆ ಎತ್ತಿ ನೋಡಲೇಬೇಕು. ನೋಡದವರ ತಲೆಗೆ ಅದು ತಾನಾಗಿಯೇ ತಾಗುತ್ತಿತ್ತು.

ಆಗ ನಿಜಾಮರ ಸರ್ಕಾರ. ನಾನು ಲಿಂಗಸುಗೂರಿನ ತಾಲೂಕು ಕಚೇರಿಯಲ್ಲಿ ಹಂಗಾಮಿ ಗುಮಾಸ್ತ. ನೌಕರಿ ಕಾಯಂ ಆಗುವ ಕಡತ ತಹಸೀಲ್ದಾರ ಸಾಹೇಬರ ಮೇಜಿನ ಮೇಲೆ ಒಂದು ಸಹಿಗಾಗಿ ಕಾದಿತ್ತು. ಆ ಸಹಿ ಆಗದಿದ್ದರೆ ಮಳೆಗಾಲಕ್ಕೆ ನಾನು ಊರಿಗೆ ಹೋಗಿ ಹಾರೆ ಹಿಡಿಯುವವನೇ. ಒಂದು ದಿನ ಸಾಹೇಬರು ಕರೆಸಿದರು. ಹೋಗಿ ನೋಡಿದರೆ ನನ್ನ ಕಡತದ ಮೇಲೆ ಒಂದು ಆಮೆ ಕುಳಿತಿದೆ. ಬೆನ್ನ ಮೇಲೆ ಹಳದಿ ನಕ್ಷತ್ರಗಳು, ಮುಖದಲ್ಲಿ ನಿವೃತ್ತ ಅಧಿಕಾರಿಯ ಗತ್ತು. ಅದರ ಹೆಸರು ಸಿಕಂದರ. ಪಕ್ಕದಲ್ಲಿದ್ದ ಸಣ್ಣದು ಹೀರಾ. ಮಗಳ ಮದುವೆಗೆಂದು ಸಾಹೇಬರು ಒಂದು ತಿಂಗಳು ಹೈದರಾಬಾದಿಗೆ ಹೊರಟಿದ್ದರು. “ನೀವು ಪಢಾ-ಲಿಖಾ ಆದಮಿ. ಆಮೆ ಸಾಕೋದು ಗೊತ್ತಿದೆಯಲ್ಲ?” ಎಂದು ಕೇಳಿದರು. ಇಡೀ ಆಯುಷ್ಯದಲ್ಲಿ ನಾನು ಆಮೆಯ ಕಡೆ ಎರಡು ಸಲ ನೋಡಿದವನಲ್ಲ. “ಜೀ ಹಾಂ” ಎಂದೆ.

ಹಿತ್ತಲಿನಲ್ಲಿ ನಾನೇ ನಿಂತು ಅವಕ್ಕೊಂದು ದೊಡ್ಡಿ ಕಟ್ಟಿಸಿದೆ. ಕಲ್ಲು-ಮಣ್ಣಿನ ಗೋಡೆ, ಮೊಳಕಾಲೆತ್ತರ. ಆಮೆಯ ಕುತ್ತಿಗೆ ಎಷ್ಟುದ್ದ, ಕಾಲು ಎಷ್ಟುದ್ದ ಎಂದು ಅಳೆದು, ಇದು ಎಷ್ಟು ಜನ್ಮ ಎತ್ತಿದರೂ ಈ ಗೋಡೆ ಹತ್ತಲಾರದೆಂದು ಕಾಗದದ ಮೇಲೆ ಸಾಧಿಸಿದ್ದೆ. ಹೆಂಡತಿ ಗಂಗವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿ, “ಚಲೋ ಆತ್ರಿ. ಇನ್ನ ಹಾರಿ ಹೋಗೋದಿಲ್ಲ” ಎಂದಳು. ಮೇಲಿನ ನನ್ನ ಲೆಕ್ಕ ನೂರಕ್ಕೆ ನೂರು ಸರಿಯಿತ್ತು. ಕೆಳಗಿನ ಲೆಕ್ಕ ಮಾಡಿರಲಿಲ್ಲ.

ಮೂರನೆಯ ದಿನ ಕಚೇರಿಯಿಂದ ಬಂದಾಗ ಸಿಕಂದರ ಇರಲಿಲ್ಲ. ಗೋಡೆಯ ಬುಡದಲ್ಲಿ ಒಂದು ತೂತಿತ್ತು. ಬುದ್ಧಿವಂತಿಕೆ ಬಿಡದೆ, ಹೀರಾ ಅದೇ ದಾರಿ ಹಿಡಿಯದಿರಲೆಂದು ಮೊದಲು ಆ ತೂತಿಗೆ ಕಲ್ಲು ತುಂಬಿ ಭದ್ರವಾಗಿ ಮುಚ್ಚಿದೆ. ಆಮೇಲೆ ಕಚೇರಿಯ ಚಪರಾಸಿ ಹುಸೇನಪ್ಪನನ್ನು ಕರೆದೆ. “ಆಮಿ ಏಟು ದೂರ ಹೋದೀತು ಬಿಡ್ರಿ, ಹುಡುಕೂಣು” ಎಂದ ಹುಸೇನಪ್ಪ. ನನಗೆ ಅಂಥ ಸಾದಾ ಮಾತು ರುಚಿಸಲಿಲ್ಲ. ಸರ್ಕಾರಿ ಮನುಷ್ಯ ಸರ್ಕಾರಿ ರೀತಿಯಲ್ಲಿಯೇ ಹುಡುಕಬೇಕು. ಕುಳಿತು ಒಂದು ಒಕ್ಕಣೆ ಬರೆದು ಡಂಗುರ ಹೊಡೆಸಿದೆ: ‘ತಹಸೀಲ್ದಾರ ಸಾಹೇಬರ ಸಿಕಂದರ ಎಂಬ ಆಮೆ ಫರಾರಿಯಾಗಿರುತ್ತದೆ. ಕಂಡವರು ಕೂಡಲೇ ಹಾಜರುಪಡಿಸಿ ರಸೀದಿ ಪಡೆಯತಕ್ಕದ್ದು. ಅಡಗಿಸಿಟ್ಟವರ ಮೇಲೆ ಕ್ರಮ ಜರುಗುವುದು.’ ಆ ದಿನ ಸಂತೆಯಿತ್ತು. ಸಂತೆಗೆ ಬಂದವರು ಸುದ್ದಿಯನ್ನು ಮಸ್ಕಿಗೂ ಸಿಂಧನೂರಿಗೂ ಹೊತ್ತರು.

ಎರಡು ದಿನ ಬಿಟ್ಟು ಆಮೆಗಳು ಬರತೊಡಗಿದವು. ಯಾರ ಹೊಲದ ಬದುವಿನಲ್ಲಿ ಆಮೆ ಕಂಡರೂ ಅವರಿಗೆ ಜೀವ ಹೋದಂತಾಗಿ, ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಓಡಿಬಂದು ರಸೀದಿ ಕೇಳುತ್ತಿದ್ದರು. ಮಸ್ಕಿಯಿಂದ ಒಬ್ಬ ಮೂರು ತಂದ. “ಇದರಾಗ ಯಾವುದು ಸಾಹೇಬ್ರದೋ ಅದನ್ನ ಇಟಗೋರಿ. ಉಳಿದಾವೂ ಇಟಗೋರಿ. ನನಗ ಆಮಿ ಸಾವಾಸನ ಬ್ಯಾಡ” ಎಂದ. ತುರ್ವಿಹಾಳದಿಂದ ನಡೆದು ಬಂದ ಒಬ್ಬ ಮುದುಕಿ ಸೆರಗಿನಲ್ಲಿ ಅಂಗೈಯಗಲದ ಮರಿಯೊಂದನ್ನು ತಂದಿದ್ದಳು.

“ಇದಲ್ಲಬೇ ಯಮ್ಮಾ, ಸಾಹೇಬ್ರದು ದೊಡ್ಡದೈತಿ” ಎಂದ ಹುಸೇನಪ್ಪ.

“ಬಿಸಲಾಗ ನಡದು ಸೊರಗೈತೋ ಯಪ್ಪಾ. ದಾರ‍್ಯಾಗ ಸಿಕಂದರಾ ಅಂತ ಕರದೆ, ತಲಿ ಹೊರಗ ಹಾಕಿ ನೋಡ್ತು. ಮತ್ಯಾರು ಹಂಗ ನೋಡ್ತಾರ?” ಎಂದು ಮುದುಕಿ ಪಟ್ಟು ಹಿಡಿದಳು.

ಇಲ್ಲಿ ನಾನು ಬಾಯಿಬಿಟ್ಟು ಹೇಳಬೇಕಾದ ಮಾತು ಒಂದೇ ಇತ್ತು: ಇಷ್ಟು ಆಮೆಗಳಲ್ಲಿ ಸಿಕಂದರ ಯಾರು ಎಂಬುದು ನನಗೆ ಗೊತ್ತಿಲ್ಲ. ಎಲ್ಲವುಗಳ ಬೆನ್ನ ಮೇಲೂ ನಕ್ಷತ್ರ, ಎಲ್ಲವುಗಳ ಮುಖದಲ್ಲೂ ಅದೇ ಗತ್ತು. ಆದರೆ ಆ ಮಾತು ಬರಲಿಲ್ಲ. ಒಂದೊಂದನ್ನೂ ಎತ್ತಿ ಹೊಟ್ಟೆಯ ಭಾಗ ಪರೀಕ್ಷಿಸಿದಂತೆ ಮಾಡಿ, “ಹ್ಞೂಂ, ವಿಚಾರಣೆ ಆಗಬೇಕು” ಎಂದು ರಸೀದಿ ಬರೆದುಕೊಟ್ಟೆ. ರಸೀದಿ ಕೊಟ್ಟ ಮೇಲೆ ಸಾಹೇಬರ ಹುಕುಂ ಇಲ್ಲದೆ ವಾಪಸು ಕೊಡುವಂತಿಲ್ಲ. ವಾರದೊಳಗೆ ದೊಡ್ಡಿಯಲ್ಲಿ ಹೀರಾಳ ಜೊತೆ ಹತ್ತು ಅಪರಿಚಿತರಿದ್ದರು. ಹನ್ನೊಂದೂ ಸೇರಿ ಗೋಡೆಯ ಬುಡ ಕೆರೆಯುವ ಶಬ್ದಕ್ಕೆ ಗಂಗವ್ವ, “ನಿಮ್ಮ ಕಚೇರಿ ಮಂದಿ ಹಿಂಗ ಕೆಲಸ ಮಾಡಿದ್ರ ತಾಲೂಕು ಎಂದೋ ಉದ್ಧಾರ ಆಗ್ತಿತ್ತು” ಎನ್ನುತ್ತಿದ್ದಳು.

ನಾನು ಉಪಾಯ ಹೂಡಿದೆ. ಗೋಡೆ ಆಳಕ್ಕಿಳಿದರೆ ಆಮೆ ಎಲ್ಲಿಗೆ ಹೋದೀತು? ಮೊದಲೇ ಭದ್ರ ಮಾಡಿದ್ದ ಆ ತೂತಿನ ಜಾಗವೊಂದನ್ನು ಬಿಟ್ಟು, ಬುಡದಗುಂಟ ಒಂದು ಮೊಳ ಅಗೆದು ಕಲ್ಲು ಇಳಿಸಿದೆ. ಅವು ಒಂದೂವರೆ ಮೊಳ ಅಗೆದವು. ನಾನು ಎರಡು ಮೊಳಕ್ಕೆ ಇಳಿದೆ. ಕಚೇರಿಯಿಂದ ಬಂದವನೇ ಕೋಟು ಕಳಚಿ ಹಾರೆ ಹಿಡಿಯುವುದು ನನ್ನ ದಿನಚರಿಯಾಯಿತು. ಯಾವ ಹಾರೆಯನ್ನು ಬಿಡಿಸಲು ಅಪ್ಪ ನನ್ನನ್ನು ಓದಿಸಿದ್ದನೋ ಅದನ್ನು ಬಿ.ಎ. ಮಾಡಿಕೊಂಡು ಹಿಡಿದಿದ್ದೆ.

ಸೊಂಟದವರೆಗೂ ತೆಗ್ಗಿನಲ್ಲಿ ನಿಂತಿದ್ದಾಗಲೇ ಅಪ್ಪ ಊರಿನಿಂದ ಬಂಡಿಯಲ್ಲಿ ಜೋಳದ ಚೀಲ ಹಾಕಿಕೊಂಡು ಬಂದ. ಹಿತ್ತಲಿಗೆ ಬಂದು ನನ್ನನ್ನು ನೋಡಿದ. ಆಮೆಗಳನ್ನು ನೋಡಿದ. ಬೇವಿನ ನೆರಳಿಗೆ ಕುಕ್ಕರಗಾಲಲ್ಲಿ ಕೂತು ಎಲೆಯಡಿಕೆ ತೆಗೆದ. ಗಂಗವ್ವ, “ಮಾವಾರ, ನೀವರ ಒಂದು ಮಾತು ಹೇಳ್ರಿ” ಎಂದಳು. “ನಾ ಏನ್ ಹೇಳ್ಲೆವ್ವ, ಅಂವ ಕಲತಾಂವ” ಎಂದ ಅಪ್ಪ. ನಾನು ತೆಗ್ಗಿನೊಳಗಿಂದಲೇ ಆಮೆಯ ಸ್ವಭಾವ, ಗೋಡೆಯ ಆಳ, ಸಿಕಂದರನ ಪಲಾಯನ ಎಲ್ಲವನ್ನೂ ವಿವರಿಸಿದೆ. ಅಪ್ಪ ಕೇಳಿ ಮುಗಿಸಿ, ಎದ್ದು ಗೋಡೆಯ ಹೊರಗೊಂದು ಸುತ್ತು ಹಾಕಿ ಬಂದ.

“ಲೇ ತಮ್ಮಾ, ಆ ದೊಡ್ಡದು ಎಲ್ಲಿಂದ ಹೋತಂದಿ?”

“ಅಲ್ಲಿ. ಕಲ್ಲು ತುಂಬೇನಲ್ಲ, ಅಲ್ಲಿ.”

“ಒಳಗ ಹೋದ ತೂತು ಐತಿ. ಹೊರಗ ಬಂದ ತೂತು ಎಲ್ಲೈತಿ?”

ನಾನು ಗೋಡೆಯ ಆಚೆ ಒಂದು ಸಲವೂ ನೋಡಿರಲಿಲ್ಲ. ಅಪ್ಪ ಕೂತು ಕಲ್ಲುಗಳನ್ನು ಒಂದೊಂದಾಗಿ ಕಿತ್ತ, ಭುಜದವರೆಗೆ ಕೈ ಹಾಕಿದ, ಸಿಕಂದರನನ್ನು ಹೊರಗೆಳೆದು ನೆಲದ ಮೇಲಿಟ್ಟ. ಬೇಸಿಗೆಯ ಕಾವಿಗೆ ತಂಪು ಹುಡುಕಿಕೊಂಡು ಗೋಡೆಯ ಕೆಳಗೆ ಮಲಗಿದ್ದವನನ್ನು ಒಳಗಿಟ್ಟು ಕಲ್ಲು ಜಡಿದವನು ನಾನೇ. ಮೂರು ಊರುಗಳಲ್ಲಿ ಫರಾರಿ ಎನಿಸಿಕೊಂಡವನು ಎರಡು ವಾರದಿಂದ ಹಿತ್ತಲಲ್ಲೇ ನನ್ನ ಕೈದಿಯಾಗಿದ್ದ. ಅವನು ಕಣ್ಣು ತೆರೆದು, ದೊಡ್ಡಿಯ ತುಂಬ ಇದ್ದ ಜನಸಂದಣಿಯನ್ನು ನೋಡಿ, ತಲೆ ಒಳಗೆಳೆದುಕೊಂಡ.

“ಗ್ವಾಡಿ ಆಳ ಮಾಡಬ್ಯಾಡ,” ಅಪ್ಪ ಹೇಳಿದ. “ಅದು ನಡಕೋಂತ ಹೋಗಿ ಗ್ವಾಡಿಗೆ ಮೂಗು ಹಚ್ಚತೈತಿ, ನಿಂತಲ್ಲೇ ಕೆರೀತೈತಿ. ಗ್ವಾಡಿಗುಂಟ ಒಳಗ ಎರಡು ಮೊಳ ಚಪ್ಪಟಿ ಬಂಡಿಗಲ್ಲು ಹಾಸು. ಬಂಡಿ ಮ್ಯಾಲ ನಿಂತು ಏಟು ಕೆರದ್ರೂ ಉಗುರು ಸವೀತಾವು, ಅಷ್ಟ.”

“ಹಿಂದಕ್ಕ ಸರದು, ಬಂಡಿ ಇಲ್ಲದಲ್ಲಿ ಅಗದ್ರ?”

“ಎರಡು ಮೊಳ ಹಿಂದಕ್ಕ ಸರಿಯೂದು ಅದಕ್ಕ ತಿಳಿಯಂಗಿಲ್ಲ” ಎಂದ ಅಪ್ಪ, ನನ್ನ ಕಡೆ ನೋಡುತ್ತ. ಯಾಕೆ ನೋಡಿದನೋ ಆಗ ಕೇಳಲಿಲ್ಲ.

ಇಬ್ಬರೂ ಸೇರಿ ಬಂಡೆ ಹಾಸಿದೆವು. ಅಂದಿನಿಂದ ಹನ್ನೆರಡು ಆಮೆಗಳು ಬಂಡೆಯ ಮೇಲೆ ಶ್ರದ್ಧೆಯಿಂದ ಕೆರೆದವೇ ವಿನಾ ಒಂದೂ ಹೊರಗೆ ಹೋಗಲಿಲ್ಲ. ಸಾಹೇಬರು ಬರುವ ದಿನ ಹತ್ತಿರವಾದಂತೆ ಹನ್ನೆರಡಕ್ಕೆ ಏನು ಕಾರಣ ಹೇಳುವುದೆಂದು ನನಗೆ ಊಟ ಸೇರಲಿಲ್ಲ. ಅವರು ನೇರವಾಗಿ ಹಿತ್ತಲಿಗೇ ಬಂದರು. ಒಂದು ಸಲ ಎಣಿಸಿದರು, ಇನ್ನೊಂದು ಸಲ ಎಣಿಸಿದರು. “ಮಾಶಾ ಅಲ್ಲಾ,” ಎಂದರು, “ಎರಡು ಬಿಟ್ಟು ಹೋಗಿದ್ದೆ, ತಿಂಗಳಲ್ಲಿ ಹನ್ನೆರಡು. ಅದೂ ಇಷ್ಟು ದೊಡ್ಡವು. ಓದಿದವರ ಕೈಗುಣವೇ ಬೇರೆ.” ನಾನು ಬಾಯಿ ತೆರೆದೆ. ಹುಸೇನಪ್ಪ ನನ್ನ ಕಾಲು ತುಳಿದು, ಕಚೇರಿಯಿಂದ ತಂದಿದ್ದ ನನ್ನ ಕಡತವನ್ನು ಸಾಹೇಬರ ಮುಂದೆ ಹಿಡಿದ. ಸಾಹೇಬರು ಅಲ್ಲೇ, ದೊಡ್ಡಿಯ ಗೋಡೆಯ ಮೇಲಿಟ್ಟು ಸಹಿ ಹಾಕಿದರು. ಆಮೆಯ ಕಾಲಿನ ಗುರುತು ಇನ್ನೂ ಆ ಕಡತದ ಮೇಲಿತ್ತು.

ಅಲ್ಲಿಯವರೆಗೂ ನಮ್ಮಲ್ಲೇ ಉಳಿದಿದ್ದ ಅಪ್ಪ ಬಾಗಿಲಲ್ಲಿ ಊರಿಗೆ ಹೊರಟು ಬಂಡಿ ಹೂಡುತ್ತಿದ್ದ. ನನಗಿನ್ನು ಬೇಡವೆಂದು ಹಾರೆಯನ್ನು ಬಂಡಿಯೊಳಗೆ ಹಾಕಿಯಾಗಿತ್ತು. ಸಾಹೇಬರು ಹೊರಡುವವರು, ತಿರುಗಿ ನಿಂತು ಕೇಳಿದರು, “ಬೀಗರು ಎರಡು ಮೊಲ ಕೊಟ್ಟಿದ್ದಾರೆ. ಮೊಲ ಸಾಕೋದು ಗೊತ್ತಿದೆಯಲ್ಲ?”

ಹಿಂದಕ್ಕೆ ಸರಿಯಲು ನನ್ನ ಹಿಂದೆ ಎರಡು ಮೊಳವಲ್ಲ, ಇಡೀ ಹಿತ್ತಲೇ ಖಾಲಿ ಇತ್ತು.

“ಜೀ ಹಾಂ” ಎಂದೆ.

ಅಪ್ಪ ಬಂಡಿಯಿಂದ ಹಾರೆಯನ್ನು ಮತ್ತೆ ಕೆಳಗಿಳಿಸಿದ.