ಕಡಿದರೆ ಚಿಗುರುವ ತೋಟ

ಮನುಷ್ಯರಿಗಿಂತ ಮರಗಳೇ ಹೆಚ್ಚಿರುವ ಕಡೆ ಕೆಲಸ ಮಾಡುವವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಮೊದಲು ಹೆದರಿಕೆ, ಆಮೇಲೆ ನಗು. ಗಲ್ಫಿನ ಸುವೈಕ್‌ ಪಟ್ಟಣದ ಆಚೆ ನಾನು ನೋಡಿಕೊಳ್ಳುವ ತೋಟದಲ್ಲಿ ಹಣ್ಣಿಲ್ಲ, ಹೂವಿಲ್ಲ. ಬಾಯ್ಲರಿಗೆ ಸೌದೆಯಾಗುವ ದಮಾಸ್ ಮರ ಮಾತ್ರ. ಬುಡ ಉಳಿಸಿ ಕಡಿಯುವುದು, ಚಿಗುರಿ ಬೆಳೆದರೆ ಮತ್ತೆ ಕಡಿಯುವುದು.

೧. ಏಳಿ ಮಾರಾಯ್ರೆ

ಮೊದಲ ಕಟಾವಿನ ಮರುದಿನ ಬೆಳಗ್ಗೆ ಮಾಲೀಕರು, ಅಂದರೆ ನನಗೆ ವೀಸಾ ಕೊಟ್ಟ ಕಫೀಲ್, ಬಂದರು. ದಟ್ಟ ಮಂಜು. ಮೊಣಕಾಲೆತ್ತರದ ಬುಡಗಳು ಸಾಲುಸಾಲಾಗಿ ನಿಂತಿದ್ದವು. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಅವರು ಕಾರಿನ ಗಾಜು ಇಳಿಸಿ, "ಇದು ತೋಟವೋ ಕಬರಸ್ತಾನವೋ?" ಎಂದು ಹಿಂದಿಯಲ್ಲಿ ಕೇಳಿದರು.

"ಚಿಗುರುತ್ತದೆ, ಅರ್ಬಾಬ್."

"ತಿಂಗಳು ಬಿಟ್ಟು ಬರುತ್ತೇನೆ. ಚಿಗುರಿದರೆ ನಿನ್ನ ವೀಸಾ ರಿನ್ಯೂ. ಇಲ್ಲದಿದ್ದರೆ ಖಲಾಸ್, ಊರಿಗೆ ಹೋಗು."

ಅಂದಿನಿಂದ ದಿನಾ ಬೆಳಗ್ಗೆ ಬುಡಗಳ ಮಧ್ಯೆ ನಡೆಯುತ್ತ, "ಏಳಿ ಮಾರಾಯ್ರೆ, ದಮ್ಮಯ್ಯ ಏಳಿ" ಎನ್ನತೊಡಗಿದೆ. ಉಡುಪಿಯಿಂದ ಫೋನಿನಲ್ಲಿ ಇದನ್ನು ಕೇಳಿದ ಹೆಂಡತಿ, "ಇಷ್ಟು ಮರ್ಯಾದೆಯಲ್ಲಿ ನನ್ನನ್ನು ಒಂದು ದಿನ ಎಬ್ಬಿಸಿದ್ದುಂಟಾ?" ಎಂದಳು.

೨. ಉಸಿರು

ನಮ್ಮ ಸ್ಟೋರ್ ನೋಡಿಕೊಳ್ಳುವವರು ಉಳ್ಳಾಲದ ಹಿರಿಯ ಬ್ಯಾರಿ, ಎಲ್ಲರಿಗೂ ಕಾಕ. ಒಂದು ಮಧ್ಯಾಹ್ನ ಓಡಿ ಬಂದರು. "ಬುಡಗಳು ಉಸಿರಾಡ್ತಾ ಉಂಟು ಮಾರಾಯ್ರೆ!"

ಹೋಗಿ ಮೊಣಕಾಲೂರಿ ಕಿವಿ ಕೊಟ್ಟೆ. ಹೌದು. ನೆಲದಿಂದ ದೀರ್ಘವಾದ ನಿಟ್ಟುಸಿರು, ಸ್ವಲ್ಪ ಮೌನ, ಮತ್ತೆ ನಿಟ್ಟುಸಿರು. ನಾನು ಮನೆದೈವದ ಹೆಸರು ಹಿಡಿದೆ, ಕಾಕ ಪಕ್ಕದಲ್ಲೇ ಪ್ರಾರ್ಥನೆ ಶುರು ಮಾಡಿದರು. ಇಬ್ಬರದೂ ಕಣ್ಣು ಮುಚ್ಚಿತ್ತು.

ಪಂಪಿನವನು ಬಂದು ನಿಂತ. "ಏನಾಯ್ತು? ನೀರಿನ ಪೈಪಿನಲ್ಲಿ ಗಾಳಿ ಹಿಡಿದಿತ್ತು, ಬಿಡ್ತಾ ಇದ್ದೇನೆ."

ಕಾಕ ಎದ್ದು ಮಣ್ಣು ಕೊಡವಿಕೊಂಡು, "ನಾನು ಆಗಲೇ ಹೇಳಿದೆ. ಇವರೇ ಸುಮ್ಮನೆ ಹೆದರಿದ್ದು" ಎಂದರು.

೩. ಐದನೆಯವನು

ಕಫೀಲ್ ಗಡುವು ಕೊಟ್ಟ ದಿನವೇ, ಬರಲಿರುವ ಚಿಗುರಿಗೆ ಯಾರ ಕಣ್ಣೂ ತಾಗಬಾರದೆಂದು ಊರಿನ ಕ್ರಮದಂತೆ ತೋಟದ ಮೂಲೆಯಲ್ಲಿ ಒಂದು ಬೆರ್ಚಪ್ಪ ನಿಲ್ಲಿಸಿದ್ದೆ. ಕೈ ಚಾಚಿದಂತೆ ಕವಲೊಡೆದ ದಮಾಸಿನ ಹಸಿ ಕೊಂಬೆಯನ್ನು ನೀರಿನ ಪೈಪಿನ ಪಕ್ಕ ನೆಟ್ಟು, ಜೇಬಿನ ಮೇಲೆ ನನ್ನ ಹೆಸರು ಹೊಲಿದಿದ್ದ ಹಳೆಯ ಯೂನಿಫಾರ್ಮ್ ಶರ್ಟು ತೊಡಿಸಿ, ಮರೆತುಬಿಟ್ಟಿದ್ದೆ.

ಮೂರನೇ ವಾರ ಬುಡಗಳು ಚಿಗುರಿದವು. ನಿಜ ಹೇಳುತ್ತೇನೆ, ಅತ್ತುಬಿಟ್ಟೆ. ಆದರೆ ಕಫೀಲ್ ಬರುವ ದಿನ ಬೆಳಗ್ಗೆ ನೋಡಿದರೆ ಬೇಲಿ ಮುರಿದಿತ್ತು. ಒಂಟೆಗಳು ನುಗ್ಗಿ ಒಂದು ಎಲೆಯನ್ನೂ ಬಿಡದೆ ಮೇಯ್ದಿದ್ದವು. ನನ್ನ ಕತೆ ಮುಗಿಯಿತೆಂದುಕೊಂಡೆ.

ಮತ್ತೆ ಅದೇ ಮಂಜು. ಕಫೀಲ್ ಇಳಿದು ದೂರಕ್ಕೆ ಕೈ ತೋರಿಸಿದರು. "ಅಲ್ಲಿರುವವನು ಯಾರು?"

ನಾನು, ಕಾಕ, ಪಂಪಿನವನು, ಕಫೀಲ್. ನಾಲ್ವರೂ ಇಲ್ಲೇ ಇದ್ದೆವು. ಅಲ್ಲಿ ನನ್ನದೇ ಯೂನಿಫಾರ್ಮ್ ತೊಟ್ಟ ಐದನೆಯವನು ಕೈ ಚಾಚಿ ನಿಂತಿದ್ದ. ಕಫೀಲ್ ಕೂಗಿದರು; ಉತ್ತರವಿಲ್ಲ. ಕಾಕ ನನ್ನ ತೋಳು ಹಿಡಿದರು. ನಾನು ಹಿಡಿದುಕೊಳ್ಳಲು ಏನೂ ಸಿಗಲಿಲ್ಲ.

ಹತ್ತಿರ ಹೋದೆವು. ನನ್ನ ಬೆರ್ಚಪ್ಪ! ಎರಡೂ ತೋಳುಗಳಿಂದ, ಕಾಲರಿನಿಂದ ಹಸಿರೆಲೆ ಉಕ್ಕಿ ಬಂದಿತ್ತು. ಒಂಟೆಗಳು ಹೆದರಿ ಅವನೊಬ್ಬನನ್ನು ಮಾತ್ರ ಬಿಟ್ಟಿದ್ದವು.

ಕಫೀಲ್ ಪ್ರಾರ್ಥನೆ ಹೇಳಿಕೊಂಡು ಒಂದು ಎಲೆ ಮುಟ್ಟಿ ನೋಡಿದರು. ಆಮೇಲೆ ನನ್ನನ್ನು, ಬೋಳು ತೋಟವನ್ನು, ಅವನನ್ನು ನೋಡಿ ಕಾಕನಿಗೆ ಹೇಳಿದರು: "ಇಲ್ಲಿ ಕೆಲಸ ಮಾಡಿದವನು ಇವನೊಬ್ಬನೇ. ಇವನ ವೀಸಾ ರಿನ್ಯೂ ಮಾಡಿಸು."

ಕಾಕ ಜೇಬಿನ ಮೇಲಿದ್ದ ಹೆಸರನ್ನು ಬರೆದುಕೊಂಡು ನನ್ನ ಕಡೆ ತಿರುಗಿದರು. "ಹೆಸರು ಸರಿ ಉಂಟು. ಫೋಟೋ ಯಾರದ್ದು ಹಾಕುದು ಮಾರಾಯ್ರೆ?"